ಕ್ಯಾಸಿಮಿರ್ ಪುಲಾಸ್ಕಿ ದಿನ ಮತ್ತು ಚಿಕ್ಕಮ್ಮನ ಪೆನ್ಸಿಲ್

ಆ ಹಕ್ಕಿ ಹದಿನೈದು ದಿನ ಬಿಡದೆ ಬಂತು. 2010ರ ಏಪ್ರಿಲ್ ತಿಂಗಳು. ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಕಂಪನಿಯ ಕೆಲಸದ ಮೇಲೆ ನನಗದು ಎರಡನೆಯ ವರ್ಷ. ನೆಲಮಹಡಿಯ ಬಾಡಿಗೆ ಮನೆ, ಅಡುಗೆಮನೆಗೆ ಒಂದೇ ಕಿಟಕಿ. ಬೆಳಿಗ್ಗೆ ನಾನು ಚಹಾ ಸೋಸುವ ಹೊತ್ತಿಗೆ ಸರಿಯಾಗಿ ಗಾಜಿಗೆ ಟಪ್ ಎಂದು ಬಡಿಯುವ ಸದ್ದು. ಒಂದು ಸಲವಲ್ಲ, ಕೆಲವು ದಿನ ಅರ್ಧ ಗಂಟೆಯವರೆಗೂ. ಕುಂಕುಮಗೆಂಪು ಮೈ, ತಲೆಯ ಮೇಲೆ ಚೂಪಾದ ಜುಟ್ಟು, ಕೊಕ್ಕಿನ ಸುತ್ತ ಮಸಿ ಬಳಿದಂತೆ ಕಪ್ಪು. ಎದುರಿನ ಪೊದೆಯಿಂದ ಹಾರಿ ಬಂದು ಗಾಜಿಗೆ ಎದೆಯೊಡ್ಡಿ ಅಪ್ಪಳಿಸುತ್ತಿತ್ತು. ಕಿಟಕಿಯ ಚೌಕಟ್ಟಿನ ಮೇಲೆ ಒಂದು ಗಳಿಗೆ ಕೂತು ಗಾಜನ್ನೇ ದುರುಗುಟ್ಟಿ ನೋಡುತ್ತಿತ್ತು. ಪೊದೆಗೆ ಮರಳಿ ಮತ್ತೆ ಹಾರಿ ಬರುತ್ತಿತ್ತು.

ಮೊದಲ ಎರಡು ದಿನ ಕನಿಕರಪಟ್ಟೆ. ಮೂರನೆಯ ದಿನ ಚಹಾದ ಲೋಟ ಕೈಯಲ್ಲಿ ಹಿಡಿದು ನಿಂತಿದ್ದಾಗ ಹೊಳೆಯಿತು: ನಾನು ಮೂರು ವರ್ಷದಿಂದ ಕೇಳುತ್ತಿರುವ ಹಾಡಿನೊಳಗಿನ ಹಕ್ಕಿ ಇದೇ.

ಹಾಡಿನ ಹೆಸರು ‘ಕ್ಯಾಸಿಮಿರ್ ಪುಲಾಸ್ಕಿ ಡೇ’. ಬರೆದು ಹಾಡಿದವನು ಸೂಫ್ಯಾನ್ ಸ್ಟೀವನ್ಸ್. 2005ರ ಜುಲೈಯಲ್ಲಿ ಬಂದ ‘ಇಲಿನಾಯ್’ ಎಂಬ ಆಲ್ಬಮ್‌ನ ಇಪ್ಪತ್ತೆರಡು ಹಾಡುಗಳಲ್ಲಿ ಇದೂ ಒಂದು. ದೊಡ್ಡ ಕಂಪನಿಗಳ ಹಂಗಿಲ್ಲದೆ, ತನ್ನ ಮಲತಂದೆ ಲೋವೆಲ್ ಬ್ರಾಮ್ಸ್ ಜೊತೆಗೂಡಿ 1999ರಲ್ಲಿ ಕಟ್ಟಿದ ಅಸ್ತಮ್ಯಾಟಿಕ್ ಕಿಟ್ಟಿ ಎಂಬ ಸಣ್ಣ ಸಂಸ್ಥೆಯಿಂದ ಅವನು ಅದನ್ನು ಹೊರತಂದ. ಗಿಟಾರು, ಬ್ಯಾಂಜೋ, ನಡುವೆ ಒಂದು ತುತ್ತೂರಿ, ಕಿವಿಯ ಪಕ್ಕದಲ್ಲಿ ಕೂತು ಹೇಳಿದಷ್ಟು ಸಣ್ಣ ದನಿ. ಪಲ್ಲವಿ ಇಲ್ಲ. ಮೂರು ಮೂರು ಸಾಲಿನ ನುಡಿಗಳು ಒಂದರ ಹಿಂದೆ ಒಂದು ಬರುತ್ತವೆ, ಅಷ್ಟೇ. ಆರು ನಿಮಿಷದೊಳಗೆ ಮುಗಿಯುವ ಈ ಹಾಡಿನ ಬಗ್ಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಯೋಚಿಸಿದ್ದೇನೆ. ಅದರ ಅರ್ಥ ನನಗೆ ತಿಳಿದದ್ದು ಯಾವ ದಾರಿಯಲ್ಲಿ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಆಸೆಯಿತ್ತು.

ಕತೆ ಸರಳ. ಹರೆಯದ ಇಬ್ಬರು. ಅವಳಿಗೆ ಮೂಳೆಯ ಕ್ಯಾನ್ಸರ್. ಸುದ್ದಿ ತಿಳಿದಾಗ ಹಾಡುವವನು ಅವಳಿಗೆ ಹೂವನ್ನೂ ಒಂದು ಕಲ್ಲನ್ನೂ ತಂದುಕೊಡುತ್ತಾನೆ. ಅವಳ ತಂದೆ ಫೋನಿನಲ್ಲಿ ಅಳುತ್ತಾರೆ. ಮಂಗಳವಾರ ರಾತ್ರಿಯ ಬೈಬಲ್ ಅಧ್ಯಯನದಲ್ಲಿ ಎಲ್ಲರೂ ಕೈಯೆತ್ತಿ ಅವಳಿಗಾಗಿ ಪ್ರಾರ್ಥಿಸುತ್ತಾರೆ, ಏನೂ ಆಗುವುದಿಲ್ಲ. ನಡುವೆ ಒಂದು ರಾತ್ರಿಯ ನೆನಪು: ಸ್ನೇಹಿತನ ಮನೆ, ಮುತ್ತು, ಹಿಂಜರಿಕೆ, ಬೆಳಗಾಗುವಾಗ ಅವಳ ತಂದೆಗೆ ತಿಳಿದುಹೋದದ್ದು, ಅವಳು ಹೊರಗೆ ಓಡಿದ್ದು. ಕೊನೆಗೆ ಮಾರ್ಚ್ ಒಂದರ ಬೆಳಿಗ್ಗೆ ಅವಳು ಹೋಗಿಬಿಡುತ್ತಾಳೆ. ನರ್ಸ್ ಓಡಿ ಬರುತ್ತಾಳೆ. ಕಾರ್ಡಿನಲ್ ಹಕ್ಕಿ ಕಿಟಕಿಗೆ ಬಡಿಯುತ್ತದೆ.

ಇನ್ನು ಹೆಸರು. ಕ್ಯಾಸಿಮಿರ್ ಪುಲಾಸ್ಕಿ ಪೋಲೆಂಡಿನ ಸರದಾರ. ತನ್ನ ದೇಶದಲ್ಲಿ ಸೋತು, ಪ್ಯಾರಿಸ್ಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್‌ನ ಪರಿಚಯವಾಗಿ, 1777ರಲ್ಲಿ ಅಮೆರಿಕಕ್ಕೆ ಬಂದು ಬ್ರಿಟಿಷರ ವಿರುದ್ಧ ಕಾದಿದವನು. ಅಶ್ವದಳ ಕಟ್ಟಿದ. 1779ರ ಅಕ್ಟೋಬರಿನಲ್ಲಿ ಸವಾನಾ ಮುತ್ತಿಗೆಯಲ್ಲಿ ಗಾಯಗೊಂಡು ಎರಡು ದಿನದಲ್ಲಿ ತೀರಿಕೊಂಡ. ಶಿಕಾಗೋ ಸುತ್ತಮುತ್ತ ಪೋಲಿಷ್ ಮೂಲದವರು ಲಕ್ಷಾಂತರ ಮಂದಿ ಇರುವುದರಿಂದ ಇಲಿನಾಯ್ ರಾಜ್ಯ ಅವನ ಹೆಸರಿನಲ್ಲಿ ಮಾರ್ಚ್ ತಿಂಗಳ ಮೊದಲ ಸೋಮವಾರವನ್ನು ಆಚರಿಸುತ್ತದೆ. ಆ ರಾಜ್ಯ ದಾಟಿದರೆ ಈ ರಜೆಯ ಹೆಸರು ಗೊತ್ತಿರುವವರು ಕಡಿಮೆ. ಹಾಡಿನೊಳಗೆ ಪುಲಾಸ್ಕಿಯ ಸುಳಿವೇ ಇಲ್ಲ, ‘ರಜೆಯ ದಿನ’ ಎಂಬ ಒಂದು ಮಾತು ಬಿಟ್ಟರೆ. ಹಾಡು ಬಂದ ಕಾಲದಲ್ಲಿ ಇಲಿನಾಯ್ ಮಕ್ಕಳಿಗೆ ಆ ದಿನವೆಂದರೆ ಶಾಲೆ ಇಲ್ಲದ ಸೋಮವಾರವಾಗಿತ್ತು. ಲೋಕಕ್ಕೆ ಏನೂ ಅಲ್ಲದ ದಿನವೊಂದು ಒಬ್ಬನಿಗೆ ಬದುಕಿಡೀ ಮರೆಯಲಾಗದ ದಿನವಾಗುತ್ತದಲ್ಲ, ಆ ಸಂಕಟವೆಲ್ಲ ಈ ಹೆಸರಿನಲ್ಲೇ ಇದೆ. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ, ‘ಷಷ್ಠಿಯ ಮಾರನೆಯ ದಿನ’, ‘ಜಾತ್ರೆಯ ಹಿಂದಿನ ದಿನ’ ಎಂದು ಸಾವಿನ ದಿನವನ್ನು ನೆನಪಿಟ್ಟುಕೊಳ್ಳುತ್ತೇವೆ. ಆ ಹಬ್ಬಕ್ಕೂ ಸಾವಿಗೂ ಯಾವ ಸಂಬಂಧವೂ ಇರುವುದಿಲ್ಲ.

ಅಭಿಮಾನಿಗಳು ಹಾಡಿಗೆ ಅರ್ಥ ಹುಡುಕುವ ಬಗೆಯಲ್ಲಿ ಎರಡು ಮುಖ್ಯವಾದವು. ಎರಡನ್ನೂ ನಾನು ಮಾಡಿದ್ದೇನೆ, ಹಾಗಾಗಿ ಅವುಗಳ ರುಚಿ ಬಲ್ಲೆ.

ಮೊದಲನೆಯದು ಪತ್ತೇದಾರಿ ಕೆಲಸ. ಇದು ನಿಜವಾಗಿ ನಡೆದದ್ದೇ? ಹುಡುಗಿ ಯಾರು? ಹಾಡಿನಲ್ಲಿ ರಜೆ ಮಾರ್ಚ್ ಒಂದಕ್ಕೇ ಬಿದ್ದಿದೆ. ಮಾರ್ಚ್ ಒಂದು ಸೋಮವಾರವಾದ ವರ್ಷಗಳು ಯಾವುವು? 1982, 1993, 1999, 2004. ಸೂಫ್ಯಾನ್ ಹುಟ್ಟಿದ್ದು 1975ರಲ್ಲಿ, ಅಂದರೆ 1993ರ ಮಾರ್ಚಿನಲ್ಲಿ ಅವನಿಗೆ ಹದಿನೇಳು. ಹಾಡಿನವರ ವಯಸ್ಸಿಗೆ ಸರಿಹೊಂದುತ್ತದೆ! ಈ ಲೆಕ್ಕ ಸಿಕ್ಕ ರಾತ್ರಿ ನನಗೆ ನಿಧಿ ಸಿಕ್ಕಷ್ಟು ಖುಷಿಯಾಗಿತ್ತು. ಆಮೇಲೆ ಯೋಚಿಸಿದರೆ, ಅವನು ಬೆಳೆದದ್ದು ಮಿಶಿಗನ್‌ನಲ್ಲಿ. ಈ ರಜೆ ಇಲಿನಾಯ್‌ನದು. ಆಲ್ಬಮ್ಮಿನ ಬೇರೆ ಹಾಡುಗಳಲ್ಲಿ ಅವನು ಓದಿ ತಿಳಿದ ಚರಿತ್ರೆ, ಊರುಗಳ ಹೆಸರು, ಕೊಲೆಗಾರರು, ಅಧ್ಯಕ್ಷರು ಎಲ್ಲ ಬರುತ್ತಾರೆ, ಅವೆಲ್ಲ ಅವನಿಗೆ ಆದದ್ದಲ್ಲ. 2012ರಲ್ಲಿ ಅವನ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ಸಾವಿನ ಸುತ್ತ ಅವನು ಮಾಡಿದ ಆಲ್ಬಮ್ 2015ರಲ್ಲಿ ಬಂತು. ಈಗ ಹಳೆಯ ಹಾಡನ್ನು ಕೇಳುವವರು ಅದರಲ್ಲಿ ಆ ತಾಯಿಯ ಹಾಸಿಗೆಯನ್ನು ಕಾಣುತ್ತಾರೆ. ಆದರೆ ಹಾಡು ಮೊದಲು, ಸಾವು ಆಮೇಲೆ, ನಡುವೆ ಏಳು ವರ್ಷ. ಪತ್ತೇದಾರಿಕೆಗೆ ಇದು ಸಾಲದು. ಹುಡುಗಿಯ ಹೆಸರು ನನ್ನ ಕೈಗೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಸಿಕ್ಕರೆ ಹಾಡಿನ ಒಂದು ಸಾಲಾದರೂ ಇನ್ನಷ್ಟು ತೆರೆದುಕೊಳ್ಳುತ್ತದೆಯೇ? ಇಲ್ಲ. ಹೋದ ಜೀವವೊಂದರ ಮನೆಯವರಿಗೆ ನಾನು ತೊಂದರೆ ಕೊಟ್ಟಂತಾಗುತ್ತದೆ, ಅಷ್ಟೇ.

ಎರಡನೆಯದು ಕೀಲಿ ಹುಡುಕುವ ಕೆಲಸ. ಪ್ರತಿ ವಸ್ತುವಿಗೂ ಹಿಂದೆ ಒಂದು ಗೂಢಾರ್ಥ. ಕಾರ್ಡಿನಲ್ ಎಂದರೆ ತೀರಿಹೋದವರ ಆತ್ಮ, ಏಕೆಂದರೆ ಕಾರ್ಡಿನಲ್ ಕಂಡರೆ ಅಗಲಿದವರು ಹತ್ತಿರ ಬಂದಿದ್ದಾರೆ ಎಂಬ ನಂಬಿಕೆ ಅಮೆರಿಕದ ಎಷ್ಟೋ ಮನೆಗಳಲ್ಲಿದೆ. ಕಾರ್ಡಿನಲ್ ಎಂದರೆ ಚರ್ಚು, ಏಕೆಂದರೆ ಆ ಹಕ್ಕಿಗೆ ಹೆಸರು ಬಂದದ್ದೇ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್ಲರ ಕೆಂಪು ನಿಲುವಂಗಿಯಿಂದ. ಅದು ಕಿಟಕಿಗೆ ಬಡಿಯಿತೆಂದರೆ ಧರ್ಮ ಗಾಜಿಗೆ ಬಡಿದು ಬಿತ್ತು ಎಂದರ್ಥ. ಕಾರ್ಡಿನಲ್ ಎಂದರೆ ಇಲಿನಾಯ್, ಏಕೆಂದರೆ ಅದು ಆ ರಾಜ್ಯದ ಹಕ್ಕಿ, ಶಾಲಾ ಮಕ್ಕಳು ಮತ ಹಾಕಿ ಆರಿಸಿದ್ದು, 1929ರಲ್ಲಿ ಕಾನೂನಾದದ್ದು. ಎಲ್ಲವೂ ಜಾಣ್ಮೆಯ ಮಾತೇ.

ನಮ್ಮಲ್ಲಿ ಇದಕ್ಕೆ ಹಳೆಯ ದಾರಿಯೊಂದಿದೆ. ಅಲ್ಲಮನ ಬೆಡಗಿನ ವಚನಗಳಿಗೆ ಟೀಕು ಬರೆದವರು ಪ್ರಾಣಿಗೊಂದು, ಬಣ್ಣಕ್ಕೊಂದು, ಅಂಗಕ್ಕೊಂದು ತತ್ವದ ಅರ್ಥ ಕಟ್ಟಿ ಸಾಲು ಸಾಲಾಗಿ ಬಿಡಿಸಿಕೊಟ್ಟರು. ಕಾಲೇಜಿನಲ್ಲಿ ಅವನ್ನು ಓದುವಾಗ ಟೀಕಿನ ನೆರವಿಲ್ಲದೆ ಮುಂದೆ ಹೋಗಲು ನನಗೆ ಆಗಲೇ ಇಲ್ಲ. ಆದರೆ ಟೀಕು ಓದಿ ಮುಗಿಸಿದ ಮೇಲೆ ವಚನಕ್ಕೆ ಮರಳಿ ಬಂದರೆ, ಅಲ್ಲಿ ಕಾಡುತ್ತಿದ್ದ ಪ್ರಾಣಿ ಕಾಣೆಯಾಗಿ ಅದರ ಜಾಗದಲ್ಲಿ ತತ್ವದ ಹೆಸರೊಂದು ಕೂತಿರುತ್ತಿತ್ತು. ಬೆಡಗಿನ ವಚನ ಮಾರ್ಗಕ್ಕೆ ಸೇರಿದವರಿಗೆಂದೇ ಹುಟ್ಟಿದ್ದು, ಅಲ್ಲಿ ಟೀಕಿಗೆ ನ್ಯಾಯವಿದೆ. ಆಸ್ಪತ್ರೆಯ ಕಿಟಕಿಗೆ ಬಡಿದ ಹಕ್ಕಿಗೆ ಅದೇ ಉಪಚಾರ ಮಾಡಿದರೆ ಹಕ್ಕಿ ಸಾಯುತ್ತದೆ.

ನನ್ನ ಅಡುಗೆಮನೆಯ ಹಕ್ಕಿಯ ವಿಷಯಕ್ಕೆ ಬರುತ್ತೇನೆ. ಕಚೇರಿಯಲ್ಲಿ ಜೊತೆಗಿದ್ದ ಹಿರಿಯರೊಬ್ಬರು, ಆ ಸೀಮೆಯಲ್ಲೇ ಹುಟ್ಟಿ ಬೆಳೆದವರು, ನಾನು ಹೇಳಿದ್ದನ್ನು ಕೇಳಿ ತಲೆಯಾಡಿಸಿದರು. ವಸಂತ ಬಂದಾಗ ಗಂಡು ಕಾರ್ಡಿನಲ್ ತನ್ನ ಗಡಿ ಕಾಯುತ್ತದೆ, ಗಾಜಿನಲ್ಲಿ ತನ್ನದೇ ನೆರಳು ಕಂಡು ಬೇರೊಂದು ಗಂಡು ಎಂದು ಭಾವಿಸಿ ಹೊಡೆದಾಡುತ್ತದೆ, ಕಾರಿನ ಕನ್ನಡಿಯನ್ನೂ ಬಿಡುವುದಿಲ್ಲ ಎಂದರು. ಗಾಜಿಗೆ ಹೊರಗಿನಿಂದ ಕಾಗದ ಅಂಟಿಸು, ನೆರಳು ಕಾಣದಿದ್ದರೆ ಬರುವುದಿಲ್ಲ ಎಂದೂ ಹೇಳಿದರು. ಅಂಟಿಸಿದೆ. ಬರುವುದು ನಿಂತಿತು.

ಕಾಗದ ಅಂಟಿಸಿದ ಸಂಜೆ ಹಾಡನ್ನು ಮತ್ತೆ ಹಾಕಿಕೊಂಡು ಕೂತೆ. ಹಕ್ಕಿ ಬಡಿದ ನುಡಿ ಮುಗಿದು ಒಂದೇ ನುಡಿ ಕಳೆದ ಮೇಲೆ ಹಾಡುವವನು ಹೇಳುತ್ತಾನೆ: ಬೆಳಿಗ್ಗೆ ಕಿಟಕಿಯಲ್ಲಿ ಅವನ ಮುಖ ಕಂಡಾಗ ಎಲ್ಲವೂ ಗೋಜಲು. ‘ಅವನ’ ಎಂದರೆ ದೇವರ. ಇಷ್ಟು ವರ್ಷ ಆ ಸಾಲನ್ನು ಒಂದು ದರ್ಶನ ಎಂದುಕೊಂಡಿದ್ದೆ, ಬೆಳಗಿನ ಬೆಳಕಿನಲ್ಲಿ ದೇವರ ಮುಖ ಮೂಡಿತು ಎಂದು. ಆದರೆ ಸಾವಿನ ಕೋಣೆಯಲ್ಲಿ ಬೆಳಿಗ್ಗೆ ಕಿಟಕಿಯ ಮುಂದೆ ನಿಂತವನಿಗೆ ಗಾಜಿನಲ್ಲಿ ಕಾಣುವುದು ಯಾರ ಮುಖ? ಆ ಹಕ್ಕಿಗೆ ಕಂಡದ್ದು ಯಾರ ಮುಖ? ಅದು ಶತ್ರು ಎಂದು ಬಡಿದಾಡಿದ್ದು ತನ್ನನ್ನೇ. ಹುಡುಗ ದೇವರ ಮುಖ ಎಂದು ಎದುರಿಸುತ್ತಿರುವುದು ತನ್ನ ಮುಖವನ್ನೇ ಇರಬಹುದು, ಅಪರಾಧದಲ್ಲಿ ಬೆಂದ, ಆ ರಾತ್ರಿಯ ಮುತ್ತಿಗೂ ಈ ಸಾವಿಗೂ ನಂಟಿದೆಯೇ ಎಂದು ಹೆದರಿದ ಮುಖ. ಗಾಜಿನ ಆಚೆ ದೇವರಿದ್ದಾನೋ ಇಲ್ಲವೋ ಎಂದು ಹಾಡು ಹೇಳುವುದಿಲ್ಲ. ಗಾಜು ಇದೆ, ಬಡಿದ ಸದ್ದು ಇದೆ.

ಸೂಫ್ಯಾನ್ ಇದನ್ನೇ ಯೋಚಿಸಿ ಬರೆದನೆಂದು ನಾನು ಸಾಧಿಸಲಾರೆ, ಸಾಧಿಸುವ ಹಟವೂ ಇಲ್ಲ. ಕಾರ್ಡಿನಲ್ ಕಿಟಕಿಗೆ ಬಡಿಯುವುದನ್ನು ಹದಿನೈದು ದಿನ ನೋಡದೆ ಇದ್ದಿದ್ದರೆ ಈ ಅರ್ಥ ನನಗೆ ಹೊಳೆಯುತ್ತಿರಲಿಲ್ಲ ಎಂಬುದು ಮಾತ್ರ ಖರೆ. ಅಂದಿನಿಂದ ಅರ್ಥ ಹುಡುಕುವ ನನ್ನ ಕ್ರಮವೇ ಬದಲಾಯಿತು. ಹಾಡಿನೊಳಗಿರುವ ವಸ್ತುಗಳನ್ನು ಕಣ್ಣಿಂದ ನೋಡಲು, ಕೈಯಿಂದ ಮುಟ್ಟಲು ಹೊರಟೆ.

ಹೂವಿನಿಂದ ಶುರುಮಾಡಿದೆ. ಗೋಲ್ಡನ್‌ರಾಡ್ ಎಂಬ ಹೂವು. ಪಿಯೋರಿಯಾ ಬಿಟ್ಟು ಹೊರಗೆ ಕಾರು ಓಡಿಸಿದರೆ ಜೋಳದ ಹೊಲಗಳ ಬದುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ ಎಲ್ಲೆಂದರಲ್ಲಿ ಬೆಳೆದಿರುತ್ತದೆ. ಸೊಂಟದೆತ್ತರದ ಗಿಡ, ತುದಿಯಲ್ಲಿ ಅರಿಸಿನದ ಬಣ್ಣದ ಸಣ್ಣ ಸಣ್ಣ ಹೂಗಳ ಗೊಂಚಲು. ಅಲ್ಲಿ ಅದನ್ನು ಯಾರೂ ಬಿತ್ತುವುದಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ನಮ್ಮ ಕಡೆ ತುಂಬೆ ಹೂವನ್ನು ಯಾರಾದರೂ ಅಂಗಡಿಯಲ್ಲಿ ಕೊಳ್ಳುತ್ತಾರೆಯೇ? ಅಂಥದ್ದು. ಅಂದರೆ ಹುಡುಗ ಸುದ್ದಿ ಕೇಳಿದವನೇ ದಾರಿಬದಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕಿತ್ತು ತಂದಿದ್ದಾನೆ. ಜೊತೆಗೆ ತಂದ ಕಲ್ಲು ಫೋರ್-ಎಚ್‌ನದು. ಹಳ್ಳಿಗಾಡಿನ ಮಕ್ಕಳಿಗೆ ಕರು ಸಾಕುವುದು, ತೋಟ ಮಾಡುವುದು, ಹೊಲಿಗೆ ಮುಂತಾದವನ್ನು ಕಲಿಸುವ ಸಂಘಟನೆ ಅದು, ಗುರುತು ಹಸಿರು ನಾಲ್ಕೆಲೆ. ಆ ಕಲ್ಲು ಯಾವ ಬಗೆಯದೆಂದು ಹಾಡು ಬಿಡಿಸಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಮಗುವೊಂದರ ಕಪಾಟಿನಲ್ಲಿ ಇದ್ದ ಅತ್ಯಂತ ಬೆಲೆಯುಳ್ಳ ವಸ್ತು ಅದು. ದೊಡ್ಡವರು ಹಣ್ಣು ತರುತ್ತಾರೆ, ಔಷಧಿ ತರುತ್ತಾರೆ. ಇವನು ಕಲ್ಲು ತರುತ್ತಾನೆ.

ಗೋಲ್ಡನ್‌ರಾಡ್ ಅರಳುವುದು ಬೇಸಿಗೆಯ ಕೊನೆಗೆ, ಆಗಸ್ಟಿನಿಂದ ಅಕ್ಟೋಬರ್‌ವರೆಗೆ. ಅವಳು ಹೋದದ್ದು ಮಾರ್ಚ್ ಒಂದರಂದು. ಹಾಗಾದರೆ ಕಾಯಿಲೆಯ ಸುದ್ದಿಗೂ ಸಾವಿಗೂ ನಡುವೆ ಐದಾರು ತಿಂಗಳು. ಹಾಡು ತಿಂಗಳ ಲೆಕ್ಕ ಎಲ್ಲೂ ಕೊಡುವುದಿಲ್ಲ, ಹೂವು ಕೊಡುತ್ತದೆ. ಆ ಐದಾರು ತಿಂಗಳಲ್ಲಿ ಎಷ್ಟು ಮಂಗಳವಾರ ಬಂದಿರಬೇಕು ಎಂದು ಎಣಿಸಿದರೆ ‘ಏನೂ ಆಗುವುದಿಲ್ಲ’ ಎಂಬ ಮಾತಿನ ಭಾರ ತಿಳಿಯುತ್ತದೆ. ಇಪ್ಪತ್ತಕ್ಕೂ ಹೆಚ್ಚು ಸಲ ಕೈಯೆತ್ತಿದ್ದಾರೆ. ಆ ಹೂವಿನ ಲ್ಯಾಟಿನ್ ಹೆಸರು ಸಾಲಿಡಾಗೊ. ಹಿಂದೆ ಗಾಯಕ್ಕೆ ಹಚ್ಚುತ್ತಿದ್ದ ಮೂಲಿಕೆಯಾದ್ದರಿಂದ ‘ಇಡಿಯಾಗಿಸು, ಕೂಡಿಸು’ ಎಂಬ ಮಾತಿನಿಂದ ಅದಕ್ಕೆ ಆ ಹೆಸರು. ಹುಡುಗನಿಗೆ ಇದು ಗೊತ್ತಿರಲಾರದು. ನನಗೆ ಗೊತ್ತಾದ ದಿನ ಊಟ ಸೇರಲಿಲ್ಲ.

ಇನ್ನೊಂದನ್ನು ಹೇಳಲೇಬೇಕು. ಅವಳು ಮನೆಯಿಂದ ಹೊರಗೆ ಓಡಿಹೋಗುವಾಗ ಅಂಗಿಯನ್ನು ಸೊಂಟದೊಳಗೆ ಸಿಕ್ಕಿಸಿದ್ದಾಳೆ, ಬೂಟಿನ ಲಾಡಿ ಕಟ್ಟಿಲ್ಲ. ಎರಡು ನುಡಿ ದಾಟಿದರೆ ಬಚ್ಚಲುಮನೆಯ ನೆಲದಲ್ಲಿ ಕೂತು ಅಳುವ ಹುಡುಗನದೂ ಅದೇ ವೇಷ, ಅಂಗಿ ಸಿಕ್ಕಿಸಿದೆ, ಲಾಡಿ ಬಿಚ್ಚಿದೆ. ಶಬ್ದ ಶಬ್ದವೂ ಅದೇ. ನನ್ನ ಹಿಂದೆ ಬರಬೇಡ ಎಂದು ಹೇಳಿ ಓಡಿದ್ದಳು ಅವಳು. ಇವನು ಅವಳ ಬಟ್ಟೆಯನ್ನೇ ತೊಟ್ಟವನಂತೆ ಹಿಂದೆಯೇ ಹೋಗಿದ್ದಾನೆ, ಬಚ್ಚಲಿನವರೆಗೆ. ಇಲ್ಲಿ ಯಾವ ಕೀಲಿಯೂ ಬೇಕಾಗಿಲ್ಲ, ಮತ್ತೊಂದು ಸಲ ಕೇಳಿದರೆ ಸಾಕು. ಹಾಗೆಯೇ ಮೊದಲ ಬೆಳಗಿನಲ್ಲಿ ಕಿಟಕಿಯ ಪರದೆ, ಕೊನೆಯ ಬೆಳಗಿನಲ್ಲಿ ಚಳಿಗಾಲದ ನೆರಳು. ಇಂಗ್ಲಿಷಿನಲ್ಲಿ ‘ವಿಂಡೋ ಶೇಡ್’, ‘ವಿಂಟರ್ ಶೇಡ್’. ಒಂದೇ ಅಕ್ಷರ ಜಾರಿದಂತೆ ಕೇಳಿಸುತ್ತದೆ. ಬಹಳ ಕಾಲ ಎರಡೂ ಕಡೆ ಒಂದೇ ಮಾತೆಂದು ಕೇಳಿಸಿಕೊಂಡಿದ್ದೆ. ಒಂದು ಉಚ್ಚಾರದ ಅಂತರದಲ್ಲಿ ಬೆಳಕು ಬರುತ್ತಿದ್ದ ಪರದೆ ಹೋಗಿ ಬರೀ ನೆರಳು ಉಳಿಯುತ್ತದೆ.

2024ರಲ್ಲಿ ಈ ಇಡೀ ಆಲ್ಬಮ್ಮನ್ನು ಒಂದೂ ಸಂಭಾಷಣೆಯಿಲ್ಲದೆ, ನೃತ್ಯದಲ್ಲೇ ಬ್ರಾಡ್‌ವೇ ರಂಗಕ್ಕೆ ತಂದರು. ನೃತ್ಯ ಸಂಯೋಜಿಸಿದ ಜಸ್ಟಿನ್ ಪೆಕ್‌ಗೆ ಟೋನಿ ಪ್ರಶಸ್ತಿ ಬಂತು. ನಾನು ನೋಡಿಲ್ಲ. ಮೈಯಿಂದ ಅರ್ಥ ಹೇಳಲು ಹೊರಟವರ ಬಗ್ಗೆ ನನಗೆ ಗೌರವವಿದೆ. ನನ್ನ ದಾರಿ ಬೇರೆಯಾಗಿತ್ತು, ಅದು ಸಾಗರ ಪಟ್ಟಣದಲ್ಲಿ, ಚಿಕ್ಕಮ್ಮನ ಜಗಲಿಯ ಮೇಲೆ ಸಿಕ್ಕಿತು.

ಚಿಕ್ಕಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ಚಿಕ್ಕಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು, ಅವರಿಗೂ ಕ್ಯಾನ್ಸರ್. ನಾನು ಊರಿಗೆ ಮರಳಿದ ಮೇಲೆ ಒಂದು ಮಳೆಗಾಲ ಅವರ ಮನೆಯಲ್ಲಿ ವಾರವಿದ್ದೆ. ಇಯರ್‌ಫೋನ್ ಹಾಕಿಕೊಂಡು ಕೂತಿದ್ದವನನ್ನು ನೋಡಿ, “ಅದೇನದು, ದಿನವೂ ಕೇಳಿ ಮುಖ ಸಣ್ಣ ಮಾಡಿಕೊಳ್ಳುತ್ತೀಯಲ್ಲ?” ಎಂದು ಕೇಳಿದರು. ಕೇಳಿಸಿದೆ. ರಾಗ ಚೆನ್ನಾಗಿದೆ, ಮಾತು ತಿಳಿಯಲಿಲ್ಲ ಎಂದರು. “ಕನ್ನಡದಲ್ಲಿ ಬರೆದುಕೊಡು” ಎಂದು ಹಳೆಯ ನೋಟ್‌ಬುಕ್ ಒಂದನ್ನು ನನ್ನ ಮುಂದಿಟ್ಟು ಒಳಗೆ ಹೋದರು.

ಬರೆಯಲು ಕೂತ ಮೇಲೆ ತಿಳಿಯಿತು, ಇಷ್ಟು ವರ್ಷದ ನನ್ನ ಪಾಂಡಿತ್ಯ ಎಷ್ಟು ಸಾಲುಗಳನ್ನು ಮುಟ್ಟದೆ ಹಾಗೇ ಬಿಟ್ಟಿತ್ತು ಎಂದು. ತಂದೆ ತನ್ನ ಕಾರನ್ನು ನೌಕಾದಳದ ಹಡಗುಗಳ ಅಂಗಳಕ್ಕೆ ಓಡಿಸಿದರು ಎಂಬ ಸಾಲು. ಇಂಗ್ಲಿಷಿನ ‘ಇಂಟು’ ಒಳಗೆ ಹೋದದ್ದನ್ನೂ ಹೇಳುತ್ತದೆ, ಗುದ್ದಿದ್ದನ್ನೂ ಹೇಳುತ್ತದೆ. ಕನ್ನಡದಲ್ಲಿ ಒಳಗೆ ಓಡಿಸಿದರು ಎನ್ನಬೇಕು, ಇಲ್ಲವೇ ಡಿಕ್ಕಿ ಹೊಡೆಸಿದರು ಎನ್ನಬೇಕು. ನಡುವೆ ನಿಲ್ಲಲು ಜಾಗವಿಲ್ಲ. ತನ್ನ ಪಶ್ಚಾತ್ತಾಪವನ್ನು ಸಾಬೀತುಪಡಿಸಲು ಹೀಗೆ ಮಾಡಿದರು ಎಂದು ಮುಂದಿನ ಸಾಲು ಹೇಳುತ್ತದೆಯಾದ್ದರಿಂದ ಡಿಕ್ಕಿಯನ್ನೇ ಆರಿಸಿಕೊಂಡೆ. ಆರಿಸಿದ ಮರುಕ್ಷಣ ಆ ತಂದೆ ನನಗೆ ಹೊಸ ಮನುಷ್ಯರಾಗಿ ಕಂಡರು. ಅಲ್ಲಿಯವರೆಗೆ ಅವರು ಹಾಡಿನ ಮೂಲೆಯಲ್ಲಿ ಅಳುವ ಮುದುಕ, ಅಷ್ಟೇ ಆಗಿದ್ದರು.

‘ಬ್ಲೌಸ್’ ಇನ್ನೊಂದು. ಹಾಗೇ ಬಿಟ್ಟರೆ ಕನ್ನಡದ ಕಣ್ಣಿಗೆ ಸೀರೆ ಉಟ್ಟ ಹುಡುಗಿ ಬಂದು ನಿಲ್ಲುತ್ತಾಳೆ. ಅಂಗಿ ಎಂದು ಬರೆದೆ. ‘ಗ್ಲೋರಿ’ಗೆ ಮಹಿಮೆ ಎಂದು ಬರೆದೆ. ಆ ಮಾತು ಹಾಡಿನಲ್ಲಿ ನಾಲ್ಕು ಸಲ ಬರುತ್ತದೆ. ಮೂರು ಸಲ ದೇವರಿಗೆ, ಒಂದು ಸಲ ಲಾಡಿ ಕಟ್ಟದ ಬೂಟಿನಲ್ಲಿ ಓಡುವ ಹುಡುಗಿಗೆ. ‘ಮಹಿಮೆ’ ಎಂದು ನನ್ನ ಕೈಯಾರೆ ಆ ಹುಡುಗಿಗೆ ಬರೆದಾಗಲೇ ಅದು ಎಷ್ಟು ದೊಡ್ಡ ಧೈರ್ಯ ಎಂದು ತಿಳಿದದ್ದು.

ಸಂಜೆ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿದರು. ಉತ್ತರಪತ್ರಿಕೆ ತಿದ್ದುವ ಅದೇ ಭಂಗಿ. ಮುತ್ತಿನ ಸಾಲುಗಳಲ್ಲಿ ನಾನು ಅಂಗಳದ ಕಡೆ ನೋಡುತ್ತಿದ್ದೆ, ಅವರು ಸರಾಗ ಓದಿಕೊಂಡು ಹೋದರು. ಪೆನ್ಸಿಲ್ ನಿಂತದ್ದು ನರ್ಸ್ ಬರುವಲ್ಲಿ. ತಲೆ ತಗ್ಗಿಸಿಕೊಂಡು ಓಡಿ ಬರುತ್ತಾಳೆ ಎಂದು ಬರೆದಿದ್ದೆ.

ನಾನೇ ಮೊದಲು ಬಾಯಿಬಿಟ್ಟೆ. “ಇದು ಪ್ರಾಸಕ್ಕಾಗಿ ಬರೆದದ್ದು ಅನ್ನಿಸುತ್ತದೆ, ಚಿಕ್ಕಮ್ಮ. ಓಡುವವರು ತಲೆ ತಗ್ಗಿಸುವುದಿಲ್ಲವಲ್ಲ.”

“ತಗ್ಗಿಸುತ್ತಾರೆ ಕಣೋ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಬೆಲ್ ಹೊಡೆದ ಮೇಲೆ ಓಡಲೇಬೇಕು, ಅದು ಅವರ ಕೆಲಸ. ಆದರೆ ಏನಾಗಿದೆ ಎಂದು ಅವರಿಗೆ ಬಾಗಿಲಲ್ಲೇ ಗೊತ್ತಿರುತ್ತದೆ. ನಮ್ಮ ಮುಖ ನೋಡಬಾರದೆಂದು ತಲೆ ತಗ್ಗಿಸಿರುತ್ತಾರೆ. ನಿನ್ನ ಚಿಕ್ಕಪ್ಪನ ಕೋಣೆಗೆ ಬಂದ ಹುಡುಗಿಯೂ ಹಾಗೆಯೇ ಬಂದಳು” ಎಂದರು.

ಆ ಸಾಲಿನ ಕೆಳಗೆ ಸಣ್ಣದಾಗಿ ಒಂದು ಸರಿ ಗುರುತು ಹಾಕಿ ಪುಟ ತಿರುಗಿಸಿದರು.

ಕೊನೆಯ ನುಡಿಗೆ ಬಂದಾಗ ಪೆನ್ಸಿಲ್ ಮತ್ತೆ ನಿಂತಿತು. ಅಲ್ಲಿ ಇಂಗ್ಲಿಷಿನ ‘ಟೇಕ್’ ಎಂಬ ಒಂದೇ ಕ್ರಿಯಾಪದ ಮೂರು ಬಗೆಯಾಗಿ ತಿರುಗುತ್ತದೆ. ಮೊದಲು, ನಮ್ಮ ಜಾಗವನ್ನು ಅವನು ತೆಗೆದುಕೊಂಡ, ಅಂದರೆ ಕ್ರಿಸ್ತ ನಮಗೆ ಬದಲಾಗಿ ಶಿಲುಬೆಗೇರಿದ. ಆಮೇಲೆ, ನನ್ನ ಹೆಗಲನ್ನು ಹಿಡಿದ, ಮುಖವನ್ನು ಅಲುಗಿಸಿದ. ಕೊನೆಗೆ ಬರೀ ತೆಗೆದುಕೊಳ್ಳುವುದು, ತೆಗೆದುಕೊಳ್ಳುವುದು, ತೆಗೆದುಕೊಳ್ಳುವುದು. ಬೈಬಲ್ಲಿನ ಯೋಬ ಮಕ್ಕಳನ್ನೆಲ್ಲ ಕಳೆದುಕೊಂಡಾಗ, ಕೊಟ್ಟವನೂ ಅವನೇ ಒಯ್ದವನೂ ಅವನೇ, ಅವನ ಹೆಸರಿಗೆ ಸ್ತೋತ್ರ ಎನ್ನುತ್ತಾನೆ. ಈ ಹಾಡಿನಲ್ಲಿ ಕೊಟ್ಟದ್ದರ ಮಾತೂ ಇಲ್ಲ, ಸ್ತೋತ್ರವೂ ಇಲ್ಲ. ಅದನ್ನೆಲ್ಲ ಚಿಕ್ಕಮ್ಮನಿಗೆ ವಿವರಿಸಿದೆ.

“ನಿಂದಾಸ್ತುತಿ ಇದ್ದ ಹಾಗಿದೆ,” ಎಂದರು. ದಾಸರ ಪದಗಳು ಅವರಿಗೆ ಬಾಯಿಪಾಠ.

ನನಗೆ ಒಪ್ಪಿಗೆಯಾಗಲಿಲ್ಲ, ಹಾಗೆಂದು ಹೇಳಿದೆ. ನಿಂದಾಸ್ತುತಿಯಲ್ಲಿ ಬೈಗುಳದ ಒಳಗೆ ಸಲಿಗೆ ಇರುತ್ತದೆ. ಬೈಯುವವನಿಗೆ ದೇವರು ಕೇಳುತ್ತಿದ್ದಾನೆ ಎಂಬ ಧೈರ್ಯವಿರುತ್ತದೆ. ಈ ಹುಡುಗನಿಗೆ ಆ ಧೈರ್ಯವಿಲ್ಲ. ಇವನು ದೇವರನ್ನು ‘ನೀನು’ ಎಂದು ಒಮ್ಮೆಯೂ ಕರೆಯುವುದಿಲ್ಲ. ಹಾಡಿನ ‘ನೀನು’ ಎಲ್ಲವೂ ಹೋದವಳಿಗೇ. ದೇವರು ಉದ್ದಕ್ಕೂ ‘ಅವನು’.

ಚಿಕ್ಕಮ್ಮ ಒಪ್ಪಿದರೋ ಇಲ್ಲವೋ, ಆ ‘ಅವನು’ ಎಂಬುದರ ಮೇಲೆ ಪೆನ್ಸಿಲ್ ಇಟ್ಟರು. “ಹೆಗಲು ಹಿಡಿದು ಅಲುಗಿಸಿದ ಎಂದು ಬರೆದಿದ್ದೀಯಲ್ಲ, ಯಾರು? ದೇವರೋ, ಅವಳ ತಂದೆಯೋ?”

ನಾನು ಸುಮ್ಮನಾದೆ. ಮೂಲವನ್ನು ಮತ್ತೆ ಕೇಳಿದೆ. ಹಾಡಿನ ಸಾಹಿತ್ಯವನ್ನು ಅಚ್ಚು ಮಾಡುವಾಗ ಇಂಗ್ಲಿಷಿನಲ್ಲಿ ದೇವರ ‘ಹಿ’ಗೆ ದೊಡ್ಡ ಅಕ್ಷರ ಹಾಕುತ್ತಾರೆ, ಕಿವಿಗೆ ದೊಡ್ಡಕ್ಷರ ಕೇಳುವುದಿಲ್ಲ. ಫೋನಿನಲ್ಲಿ ಅತ್ತ ತಂದೆಯೂ ‘ಹಿ’, ಶಿಲುಬೆಯವನೂ ‘ಹಿ’. ಮಗಳು ತೀರಿಕೊಂಡ ಕೋಣೆಯಲ್ಲಿ ಹುಡುಗನ ಹೆಗಲು ಹಿಡಿದು ಮುಖ ಅಲುಗಿಸಿದವರು ಅವ್ಯಕ್ತ ದೇವರೇ ಆಗಬೇಕೆಂದೇನೂ ಇಲ್ಲ, ಎದುರಿಗೇ ನಿಂತ ತಂದೆಯೂ ಆಗಿರಬಹುದು. ಇಂಗ್ಲಿಷಿನಲ್ಲಿ ಹಾಡು ಇಬ್ಬರನ್ನೂ ಒಂದೇ ಸರ್ವನಾಮದೊಳಗೆ ನಿಲ್ಲಿಸುತ್ತದೆ. ಕನ್ನಡದಲ್ಲಿ ಅದು ಆಗುವುದಿಲ್ಲ. ನಮ್ಮಲ್ಲಿ ದೇವರು ‘ಅವನು’, ಹುಡುಗಿಯ ತಂದೆ ‘ಅವರು’. ಶಿವನನ್ನೂ ವಿಠಲನನ್ನೂ ಏಕವಚನದಲ್ಲಿ ಕರೆಯುವ ನಾವು, ಗೆಳತಿಯ ತಂದೆಯನ್ನು ಹಾಗೆ ಕರೆಯಲಾರೆವು. ‘ಅಲುಗಿಸಿದ’ ಎಂದರೆ ದೇವರು, ‘ಅಲುಗಿಸಿದರು’ ಎಂದರೆ ತಂದೆ. ಸರ್ವನಾಮ ಬಿಟ್ಟು ಬರೆದರೂ ಕ್ರಿಯಾಪದದ ತುದಿ ಗುಟ್ಟು ಬಿಟ್ಟುಕೊಡುತ್ತದೆ.

“ಎರಡೂ ಇರಬೇಕು, ಚಿಕ್ಕಮ್ಮ. ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ” ಎಂದೆ.

ಅವರು ತಕ್ಷಣ ಏನೂ ಹೇಳಲಿಲ್ಲ. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದರು, ಒಲೆಯ ಮೇಲಿನ ಹಾಲು ನೋಡಿದರು. ಹೊರಗೆ ಮಳೆ ಬಿಟ್ಟು ಅಡಿಕೆ ಮರದಿಂದ ಹನಿ ಬೀಳುತ್ತಿತ್ತು. ಮರಳಿ ಬಂದು ಕೂತು, ನಾನು ಬರೆದ ಕೊನೆಯ ನುಡಿಯಲ್ಲಿ ಪ್ರತಿ ಕ್ರಿಯಾಪದದ ಬಾಲವನ್ನೂ ಒಂದೊಂದಾಗಿ ಹೊಡೆದುಹಾಕಿದರು. “ಮುಗಿಸಬೇಡ,” ಎಂದರು. “ಕೃದಂತಾವ್ಯಯ ಮಾಡು. ಅದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ, ಯಾರು ಎಂದೂ ಹೇಳುವುದಿಲ್ಲ.”

ನೋಟ್‌ಬುಕ್ಕಿನ ಆ ಪುಟ ನನ್ನ ಬಳಿಯಿದೆ. ನನ್ನ ನೀಲಿ ಶಾಯಿಯ ಸಾಲುಗಳ ಮೇಲೆ ಪೆನ್ಸಿಲಿನ ಗೀರುಗಳು, ಕೆಳಗೆ ಚಿಕ್ಕಮ್ಮನ ದುಂಡಗಿನ ಅಕ್ಷರದಲ್ಲಿ:

ಹೆಗಲು ಹಿಡಿದು, ಮುಖ ಅಲುಗಿಸಿ,
ಒಯ್ದು, ಒಯ್ದು, ಒಯ್ದು

ಪೂರ್ಣವಿರಾಮ ಇಟ್ಟಿರಲಿಲ್ಲ. ಹಾಡಿನಲ್ಲೂ ಅಲ್ಲಿಂದ ಮುಂದೆ ಮಾತಿಲ್ಲ. ತುತ್ತೂರಿಯ ಜೊತೆಗೆ ದನಿಗಳು ಅಕ್ಷರವಿಲ್ಲದೆ ಹಾಡಿಕೊಂಡು ಹೋಗುತ್ತವೆ. ಅದನ್ನು ಇನ್ನೊಮ್ಮೆ ಹಾಕು ಎಂದರು ಚಿಕ್ಕಮ್ಮ. ಇಯರ್‌ಫೋನಿನ ಒಂದು ತುದಿ ಅವರ ಕಿವಿಯಲ್ಲಿ, ಒಂದು ನನ್ನ ಕಿವಿಯಲ್ಲಿ. ಒಳಗೆ ಹಾಲು ಉಕ್ಕಿದ ಸದ್ದು ಇಬ್ಬರಿಗೂ ಕೇಳಿಸಿತು, ಹಾಡು ನಿಲ್ಲುವವರೆಗೆ ಇಬ್ಬರೂ ಏಳಲಿಲ್ಲ.